ಆರಕ್ಕೆ ಐದು

ಹೆಗ್ಗನಹಳ್ಳಿಯಿಂದ ಕೆಂಗೇರಿಯವರೆಗೆ ನನ್ನ ಹಾಗೆ ಕಬ್ಬಿಣ ಕಡೆಯುವವನು ಹುಟ್ಟಿಲ್ಲ, ಇನ್ನು ಹುಟ್ಟುವುದೂ ಇಲ್ಲ. ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಲ್ಲಿ ಮೂವತ್ತೆಂಟು ವರ್ಷ ಲೇತ್ ಮುಂದೆ ನಿಂತವನು ನಾನು, ಭೈರೇಶ್. ನಾನು ಕಡೆದ ಶಾಫ್ಟನ್ನು ಜರ್ಮನಿಯ ಇಂಜಿನಿಯರೊಬ್ಬ ಕೆನ್ನೆಗೆ ಒತ್ತಿಕೊಂಡು ಗಳಗಳನೆ ಅತ್ತಿದ್ದ. ನೋಡಿದವರಿದ್ದರು, ಈಗ ಯಾರೂ ಬದುಕಿಲ್ಲ, ಅದು ಬೇರೆ ಮಾತು. ಜನ ನನ್ನನ್ನು ಸುಳ್ಳ ಅನ್ನುತ್ತಾರೆ. ನಾನು ನಿಜಕ್ಕೆ ಒಂದಿಷ್ಟು ಒಗ್ಗರಣೆ ಹಾಕುವವನು, ಅಷ್ಟೇ.

ಉಗ್ರಪ್ಪ ನನ್ನ ಗೆಳೆಯ. ಉಗ್ರವೆಲ್ಲ ಹೆಸರಿನಲ್ಲಿ ಮಾತ್ರ. ಸೊಳ್ಳೆ ಕಚ್ಚಿದರೆ ಅದು ಹೊಟ್ಟೆತುಂಬ ಕುಡಿದು ಏಳುವವರೆಗೂ ಕಾಯುವ ಆಸಾಮಿ. ಅವರಪ್ಪನ ರಾಗಿ ಹೊಲವಿದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡ. ಕೆಳಗೆಲ್ಲ ಬಾಡಿಗೆಯವರು, ಮೇಲೆ ಉಗ್ರಪ್ಪ, ಹೆಂಡತಿ ಮುನಿಲಕ್ಷ್ಮಮ್ಮ, ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಸ್ಪಂದನ. ಹೊಲದ ಜೊತೆಗೆ ಅಪ್ಪನಿಂದ ಅವನಿಗೆ ಬಂದ ಇನ್ನೊಂದು ಆಸ್ತಿಯೆಂದರೆ ಒಂದು ರಿವಾಲ್ವರು. ಲೈಸೆನ್ಸ್ ಸಮೇತ, ಎಲ್ಲ ಸರಿಯಾಗಿ.

ಆ ರಿವಾಲ್ವರಿನ ಬಗ್ಗೆ ನಾನು ಮಾಗಡಿ ರಸ್ತೆಯ ಹೋಟೆಲುಗಳಲ್ಲಿ ಹೇಳಿರುವುದನ್ನೆಲ್ಲ ನಂಬಿದರೆ, ಉಗ್ರಪ್ಪನ ಅಪ್ಪ ಅದರಲ್ಲಿ ಸುಂಕದಕಟ್ಟೆಯ ಹತ್ತಿರ ಏಳು ಹುಲಿ ಹೊಡೆದಿದ್ದರು. ಅಸಲಿಗೆ ಅದು ಪಾಯಿಂಟ್ ಇಪ್ಪತ್ತೆರಡು. ಬಟಾಣಿ ಕಾಳಿಗಿಂತ ಸಪೂರದ ಗುಂಡು. ಹೊಡೆದರೆ ಒಣ ಕಡ್ಡಿ ಮುರಿದ ಹಾಗೆ ಚಟ್ ಅನ್ನುತ್ತದೆ. ಅದನ್ನು ನೋಡಿ ಒಬ್ಬ ತೆಂಗಿನಕಾಯಿ ಕಳ್ಳನೂ ಓಡಿದ ದಾಖಲೆಯಿಲ್ಲ. ಮುನಿಲಕ್ಷ್ಮಮ್ಮ ಅದನ್ನು ‘ಇಲಿ ಕೋವಿ’ ಎಂದೇ ಕರೆಯುತ್ತಿದ್ದರು.

ಆದರೆ ಉಗ್ರಪ್ಪನಿಗೆ ಅದರಲ್ಲಿ ಪ್ರಾಣ. ಪಕ್ಕದ ಪುಟ್ಟ ಬಾಗಿಲು ತೆರೆದು, ಗುಂಡು ಕೂರುವ ಉರುಳೆಯನ್ನು ಒಂದೊಂದೇ ಮನೆ ತಿರುಗಿಸುತ್ತ, ಆರು ಗುಂಡನ್ನು ಒಂದೊಂದಾಗಿ ಒಳಗೆ ಬಿಡಬೇಕು. ಬರಿದೇ ಟ್ರಿಗರ್ ಒತ್ತಿದರೆ ಅದು ಜಪ್ಪಯ್ಯ ಅನ್ನುವುದಿಲ್ಲ. ಪ್ರತಿ ಗುಂಡಿಗೂ ಹೆಬ್ಬೆರಳಲ್ಲಿ ಹಿಂಬದಿಯ ಹ್ಯಾಮರ್ ಎಳೆದು ಕೂರಿಸಬೇಕು. ಎಳೆಯುವಾಗ ಒಳಗಿನಿಂದ ಕಟಕಟ ಅಂತ ಸಣ್ಣ ಸದ್ದು ಬರುತ್ತದಲ್ಲ, ಅದನ್ನು ಕೇಳಲು ಅವನು ಉಸಿರು ಹಿಡಿಯುತ್ತಿದ್ದ.

“ಇದು ಸಿಟ್ಟು ಬಂದೋನ ಕೋವಿ ಅಲ್ಲ ಕಣೋ ಭೈರೇಶ. ಹ್ಯಾಮರ್ ಎಳೆಯೋಷ್ಟರಲ್ಲಿ ಸಿಟ್ಟೇ ಇಳಿದೋಗಿರುತ್ತೆ,” ಅನ್ನುತ್ತಿದ್ದ.

ತಿಂಗಳಿಗೆ ಎರಡು ಭಾನುವಾರ ಕೆಂಗೇರಿ ದಾಟಿ ಒಂದು ರೈಫಲ್ ಕ್ಲಬ್ಬಿಗೆ ಹೋಗುತ್ತಿದ್ದೆವು. ಸ್ಕೂಟರ್ ನನ್ನದು, ಹಿಂದೆ ಅವನು, ಅವನ ತೊಡೆಯ ಮೇಲೆ ಪೆಟ್ಟಿಗೆ. ಹದಿನೆಂಟು ಗುಂಡು, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಮೊದಲ ಹನ್ನೆರಡು ಕೈ ಬಿಸಿಯಾಗುವುದಕ್ಕೆ, ಕೊನೆಯ ಆರು ಹೊಸ ಹಾಳೆಯ ಮೇಲೆ, ಲೆಕ್ಕಕ್ಕೆ. ಸಕ್ಕರೆ ಕಾಯಿಲೆಯಿಂದ ಅವನ ಕಾಲಿನಲ್ಲಿ ಹುಣ್ಣಾಗಿತ್ತು, ನಡೆಯುವುದು ಕಷ್ಟ. ಇಪ್ಪತ್ತೈದು ಮೀಟರ್ ದೂರದ ಟಾರ್ಗೆಟ್ ಹಾಳೆಯನ್ನು ತೆಗೆದು ತರುವ ಕೆಲಸ ನನ್ನದು. ಆರಕ್ಕೆ ಐದು ಕಪ್ಪು ವೃತ್ತದೊಳಗೆ ಬಿದ್ದಿರುತ್ತಿದ್ದವು. ಮನೆಗೆ ಬಂದು ಪೇಪರ್ ಹಾಸಿ, ಎಣ್ಣೆ ಬಟ್ಟೆಯಿಂದ ಕೋವಿಯನ್ನು ಅರ್ಧ ಗಂಟೆ ಒರೆಸುತ್ತಿದ್ದ. ಎಣ್ಣೆನೀರು ಹಾಕಿದ ಮಗುವನ್ನೂ ಯಾರೂ ಹಾಗೆ ಒರೆಸಿರಲಾರರು.

ಲೋಕಸಭೆ ಚುನಾವಣೆ ಬಂತು. ಚುನಾವಣೆ ಅಂದರೆ ಲೈಸೆನ್ಸಿನ ಆಯುಧಗಳನ್ನೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ತೆಗೆದುಕೊಳ್ಳಬೇಕು. ಫಲಿತಾಂಶ ಬಂದ ಮೇಲೆ ವಾಪಸ್ಸು. ಉಗ್ರಪ್ಪ ಮಗಳನ್ನು ಗಂಡನ ಮನೆಗೆ ಬಿಟ್ಟು ಬಂದವನ ಹಾಗೆ ಎರಡೂವರೆ ತಿಂಗಳು ಮಂಕಾಗಿ ಕೂತಿದ್ದ. ಕೋವಿ ವಾಪಸ್ಸು ಬಂದ ಮೊದಲ ಭಾನುವಾರವೇ ಓಡಿದೆವು.

ಕೊನೆಯ ಆರು ಹೊಡೆದ. ನಾನು ಹೋಗಿ ನೋಡಿದೆ. ಕಪ್ಪಿನೊಳಗೆ ಒಂದೂ ಇರಲಿಲ್ಲ. ಒಂದು ಗುಂಡು ಹಾಳೆಯ ಮೂಲೆಯನ್ನು ಹರಿದಿತ್ತು, ಉಳಿದ ಐದು ಹಿಂದಿನ ಮಣ್ಣಿನ ದಿಬ್ಬಕ್ಕೆ ಹೋಗಿದ್ದವು.

“ಎಷ್ಟೋ?” ಅಲ್ಲಿಂದಲೇ ಕೂಗಿದ.

ತಿರುಗಿ ನೋಡಿದೆ. ಮಾರ್ಕ್ಸ್ ಕಾರ್ಡಿಗೆ ಕಾಯುವ ಹುಡುಗನ ಹಾಗೆ ಕತ್ತು ಮುಂದೆ ಚಾಚಿ ನಿಂತಿದ್ದ. ಎರಡೂವರೆ ತಿಂಗಳು ಬಿಟ್ಟದ್ದಕ್ಕೆ ಕೈ ತಪ್ಪಿದೆ, ಮುಂದಿನ ಸಲ ಸರಿಹೋಗುತ್ತದೆ ಅಂದುಕೊಂಡೆ. ಜೇಬಿನ ಪೆನ್ನಿನಿಂದ ಕಪ್ಪಿನೊಳಗೆ ಮೂರು ತೂತು ಚುಚ್ಚಿದೆ.

“ಮೂರು! ಎರಡು ತಿಂಗಳು ಉಪವಾಸ ಇದ್ದ ಕೋವಿಗೆ ಮೂರು ಅಂದ್ರೆ ಮುನ್ನೂರು ಇದ್ದಂಗೆ!”

ಅವನು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದ. “ಅಡ್ಡಿಯಿಲ್ಲ,” ಅಂದ. ಮೂಗಿನ ಹತ್ತಿರ. “ಏನೋ, ವಾಸನೆ ನೋಡ್ತೀಯಾ?” ಅಂತ ನಾನು ತಮಾಷೆ ಕೂಡ ಮಾಡಿದೆ.

ಮುಂದಿನ ಸಲವೂ ಸರಿಹೋಗಲಿಲ್ಲ. ಪೆನ್ನಿನ ತೂತು ಯಾರ ಕಣ್ಣಿಗಾದರೂ ಬಿದ್ದೀತು. ಭೈರೇಶನ ಕೈಕೆಲಸ ಅಂದರೆ ಹಾಗಿರಬಾರದು. ನನ್ನ ಲೇತ್ ಅಂಗಡಿಯಲ್ಲಿ ಕೂತು, ತೂತು ಹೊಡೆಯಲು ಐದು ಪಾಯಿಂಟ್ ಆರು ಎಂಎಂ ದಪ್ಪದ ಒಂದು ಪಂಚ್ ಕಡೆದೆ. ಗುಂಡು ಹಾಳೆಯನ್ನು ಕತ್ತರಿಸುವುದಿಲ್ಲ, ಸೀಳಿಕೊಂಡು ಹೋಗುತ್ತದೆ. ಹಿಂದುಗಡೆ ಹೂವಿನ ಎಸಳಿನ ಹಾಗೆ ಅಂಚು ಏಳುತ್ತದೆ, ಮುಂದೆ ಬೂದಿ ಬಣ್ಣದ ಉಂಗುರ ಕೂರುತ್ತದೆ. ಅದಕ್ಕೇ ಪಂಚಿನ ತುದಿಯನ್ನು ಮೊಂಡು ಮಾಡಿ, ಪೆನ್ಸಿಲ್ ಸೀಸದ ಪುಡಿ ಸವರಿ, ಕ್ಲಬ್ಬಿನ ಹೊಸ ಹಾಳೆಯೊಂದರ ಮೇಲೆ ಹೊಡೆಯುತ್ತಿದ್ದೆ. ದೆಹಲಿಯಿಂದ ತಜ್ಞರು ಬಂದರೂ ವ್ಯತ್ಯಾಸ ಹೇಳಲಾರರು. ಆರಕ್ಕೆ ಆರು ಮಾಡಿದರೆ ಅನುಮಾನ ಬರುತ್ತದೆಂದು ಒಂದನ್ನು ಬೇಕೆಂದೇ ಆಚೆ ಬಿಡುತ್ತಿದ್ದೆ. ಅದನ್ನು ಶರ್ಟಿನೊಳಗೆ ಸುತ್ತಿಟ್ಟುಕೊಂಡು ಹೋಗಿ, ಟಾರ್ಗೆಟ್ ಹತ್ತಿರ ಬೆನ್ನು ತಿರುಗಿಸಿ ಹಾಳೆ ಬದಲಾಯಿಸುತ್ತಿದ್ದೆ. ಉಗ್ರಪ್ಪ ಪ್ರತಿ ಹಾಳೆಯನ್ನೂ ಹಾಲಿನ ಗೋಡೆಗೆ ಅಂಟಿಸಿದ.

ಒಂದು ಸಂಜೆ ಅವರ ಮನೆಯಲ್ಲಿದ್ದೆ. ಸ್ಪಂದನ ಫೋನ್ ಹಿಡಿದು ಬಂದಳು.

“ಅಪ್ಪಾ, ಶನಿವಾರ ಹನ್ನೊಂದಕ್ಕೆ ಕಣ್ಣಿನ ಡಾಕ್ಟ್ರ ಅಪಾಯಿಂಟ್‌ಮೆಂಟ್ ತಗೊಂಡಿದೀನಿ. ಶುಗರ್ ಇರೋರು ವರ್ಷಕ್ಕೊಂದ್ಸಲ ತೋರಿಸ್ಲೇಬೇಕಂತೆ.”

“ಮೊನ್ನೆ ಒಂದು ಕಾಲಿಗೆ ಕಪ್ಪು ಚಪ್ಪಲಿ, ಇನ್ನೊಂದಕ್ಕೆ ಕಂದು ಚಪ್ಪಲಿ ಹಾಕ್ಕೊಂಡು ಬ್ಯಾಂಕಿಗೆ ಹೋಗಿದ್ರು,” ಅಂದರು ಮುನಿಲಕ್ಷ್ಮಮ್ಮ. “ಮೆಟ್ಟಿಲಲ್ಲಿ ತಡವರಿಸ್ತಾರೆ. ಕೇಳಿದ್ರೆ ಬಲ್ಬಿನ ಮೇಲೆ ಹಾಕ್ತಾರೆ.”

ಉಗ್ರಪ್ಪ ಗೋಡೆಯ ಕಡೆ ಕೈ ತೋರಿಸಿದ. “ಅಲ್ಲಿ ನೋಡಮ್ಮಾ. ಇಪ್ಪತ್ತೈದು ಮೀಟರು, ಆರಕ್ಕೆ ಐದು. ಯಾವ ಡಾಕ್ಟ್ರು ಇದಕ್ಕಿಂತ ದೊಡ್ಡ ಟೆಸ್ಟ್ ಮಾಡ್ತಾನೆ? ಭೈರೇಶ, ಹೇಳೋ ಇವರಿಗೆ.”

ಆಗ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೂ ಸಾಕಿತ್ತು.

“ಅತ್ತಿಗೆ, ನಿಮ್ಮ ಯಜಮಾನ್ರ ಕಣ್ಣು ಅಂದ್ರೆ ಏನಂದ್ಕೊಂಡ್ರಿ? ಮೈಸೂರಲ್ಲಿ ಕೂತಿರೋ ನೊಣ ಗಂಡೋ ಹೆಣ್ಣೋ ಅಂತ ಹೆಗ್ಗನಹಳ್ಳಿಯಿಂದ ಹೇಳ್ತಾನೆ!”

ಎಲ್ಲರೂ ನಕ್ಕರು. ಸ್ಪಂದನ ನಗುತ್ತಲೇ, “ನಿಮ್ಮಿಬ್ಬರ ಸಹವಾಸ ಸಾಕು ಮಾಮ,” ಅಂದು ಫೋನಿನ ಮೇಲೆ ಬೆರಳಾಡಿಸಿ ಅಪಾಯಿಂಟ್‌ಮೆಂಟ್ ತೆಗೆದುಹಾಕಿದಳು.

ಕೋವಿ ವಾಪಸ್ಸು ಬಂದು ವರ್ಷದ ಮೇಲೆ ಮೂರು ತಿಂಗಳಾಗಿತ್ತು. ಕ್ಲಬ್ಬಿನಲ್ಲಿ ಕೊನೆಯ ಆರರಲ್ಲಿ ಮೂರು ಮುಗಿದಿದ್ದವು. ನಾಲ್ಕನೆಯದಕ್ಕೆ ಹ್ಯಾಮರ್ ಎಳೆದು ಕೂರಿಸಿದ ಉಗ್ರಪ್ಪ ಹೊಡೆಯಲಿಲ್ಲ.

“ಭೈರೇಶ, ಟಾರ್ಗೆಟ್ ಮೇಲೆ ಯಾರೋ ಮಸಿ ಸುರೀತಾ ಇದಾರೆ ನೋಡು.”

“ಯಾರೂ ಇಲ್ಲ ಕಣೋ.”

“ಇದಾರೆ. ಎಲ್ಲಾ ಕಡೆ ಸುರೀತಾ ಇದಾರೆ.”

ಅಷ್ಟಾದರೂ ಅವನು ಹೆಬ್ಬೆರಳಿಂದ ಹ್ಯಾಮರನ್ನು ಹಿಡಿದು, ಟ್ರಿಗರ್ ಒತ್ತಿ, ಮೆಲ್ಲಗೆ ಕೆಳಗಿಳಿಸಿದ. ಉಳಿದ ಮೂರು ಗುಂಡನ್ನು ತಡವಿ ಹೊರಗೆ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ನನ್ನ ತೋಳು ಹಿಡಿದುಕೊಂಡ. ಆ ಹಿಡಿತದ ನೋವು ಒಂದು ವಾರ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಎರಡೂ ಕಣ್ಣಿನ ಹಿಂದಿನ ಪರದೆಯನ್ನು ಸಕ್ಕರೆ ಕಾಯಿಲೆ ತಿಂದುಹಾಕಿದೆ, ಒಳಗೆ ರಕ್ತ ಒಸರಿದೆ ಅಂದರು.

“ಇದು ಒಂದು ದಿನದಲ್ಲಿ ಆಗಿದ್ದಲ್ಲ. ವರ್ಷದಿಂದ ಮಂಜು ಮಂಜಾಗಿ ಕಾಣಿಸ್ತಿರ್ಬೇಕು. ಆಗಲೇ ಬಂದಿದ್ರೆ ಲೇಸರ್ ಮಾಡಿ ನಿಲ್ಲಿಸಬಹುದಿತ್ತು. ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ?”

“ಇಲ್ಲ ಮೇಡಂ,” ಅಂದಳು ಸ್ಪಂದನ. “ತಿಂಗಳಿಗೆ ಎರಡು ಸಲ ಟಾರ್ಗೆಟ್ ಹೊಡೀತಿದ್ರು. ಆರಕ್ಕೆ ಐದು ಬೀಳ್ತಿತ್ತು.”

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. “ಅದು ಹೇಗೆ ಸಾಧ್ಯ?”

ನಾನು ಗೋಡೆಯ ಮೇಲಿನ ಚಿತ್ರ ನೋಡುತ್ತಿದ್ದೆ. ಕಣ್ಣನ್ನು ಅರ್ಧಕ್ಕೆ ಕೊಯ್ದು ಒಳಗಿನದನ್ನೆಲ್ಲ ಬಣ್ಣಬಣ್ಣದಲ್ಲಿ ತೋರಿಸಿದ್ದರು.

ಎರಡು ಆಪರೇಷನ್ ಆದವು. ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣಿಗೆ ಕಿಟಕಿ ಎಲ್ಲಿದೆ ಎನ್ನುವುದು ಗೊತ್ತಾಗುತ್ತದೆ, ಅಷ್ಟೇ.

ಕಣ್ಣಿಲ್ಲದವನ ಮನೆಯಲ್ಲಿ ಕೋವಿ ಇರುವಂತಿಲ್ಲ. ನಾನೇ ಅವನನ್ನು ಠಾಣೆಗೆ ಕರೆದುಕೊಂಡು ಹೋದೆ. ಹಿಂದಿನ ಸಂಜೆ ಅವನು ಅದಕ್ಕೆ ತಡವಿ ತಡವಿ ಎಣ್ಣೆ ಹಾಕಿದ್ದನಂತೆ. ಪೊಲೀಸಿನವರು, “ಖಾಲಿ ಇದೆಯಾ ಯಜಮಾನ್ರೇ?” ಅಂದರು. ಉಗ್ರಪ್ಪ ಪಕ್ಕದ ಬಾಗಿಲು ತೆರೆದು ಉರುಳೆ ತಿರುಗಿಸಿದ. ಪ್ರತಿ ಮನೆಗೂ ಕಿರುಬೆರಳಿನ ತುದಿ ಇಟ್ಟು ನೋಡಿದ. ಆರೂ ಮುಗಿದವು.

“ಖಾಲಿ ಸಾರ್.”

ಆ ಪೊಲೀಸಪ್ಪ ಒಳ್ಳೆಯ ಮನುಷ್ಯ. ಅವಸರ ಮಾಡಲಿಲ್ಲ, ಉಗ್ರಪ್ಪ ತಾನಾಗೇ ಕೈ ಬಿಡುವವರೆಗೂ ಕಾದ.

ಮನೆಗೆ ಬಂದು ಹಾಲಿನಲ್ಲಿ ಕೂತೆವು. ಉಗ್ರಪ್ಪ ಎದ್ದು, ಗೋಡೆ ಹಿಡಿದು ಹೋಗಿ, ಹಾಳೆಗಳ ಮೇಲೆ ಕೈಯಾಡಿಸಿದ. ಒಂದು ತೂತು ಸಿಕ್ಕಿತು, ಅದರ ಅಂಚನ್ನು ಬೆರಳಿಂದ ಸವರಿದ. ಇನ್ನೊಂದು ಸಿಕ್ಕಿತು.

“ಹೋಗ್ಲಿ ಬಿಡೋ. ಕಣ್ಣು ಹೋಗೋ ಹಿಂದಿನ ವಾರದವರೆಗೂ ಹೊಡೆದಿದೀನಲ್ಲ. ಇಷ್ಟು ಸಾಕು ನಂಗೆ.”

ನನ್ನಿಂದ ತಡೆಯಲಾಗಲಿಲ್ಲ.

“ಉಗ್ರಪ್ಪಾ, ಅವು ನಿನ್ನ ಗುಂಡಿನ ತೂತಲ್ಲ. ನಾನು ಹೊಡೆದಿದ್ದು. ಅಂಗಡೀಲಿ ಕೂತು, ಪಂಚ್ ಮಾಡ್ಕೊಂಡು. ಎಲೆಕ್ಷನ್ ಆದ್ಮೇಲೆ ನಿನ್ನ ಒಂದು ಗುಂಡೂ ಕಪ್ಪಿಗೆ ಬಿದ್ದಿಲ್ಲ. ಕೈ ಅಲ್ಲ ಕಣೋ, ಕಣ್ಣು ಹೋಗ್ತಾ ಇತ್ತು. ನಾನು ಮುಚ್ಚಿಟ್ಟೆ.”

ಅವನ ಬೆರಳು ತೂತಿನ ಮೇಲೇ ನಿಂತಿತು. ಆಮೇಲೆ ಭುಜ ಕುಲುಕಿತು. ಅಳುತ್ತಿದ್ದಾನೆ ಅಂದುಕೊಂಡೆ. ನಗುತ್ತಿದ್ದ.

“ಲೇ, ವಿಧಾನಸೌಧದ ಗೇಟಿನ ತಿರುಪು ನಿಂದು ಅಂದೆ, ಒಪ್ಕೊಂಡೆ. ಮೆಟ್ರೋ ಪಿಲ್ಲರ್ ನಿಂತಿರೋದೇ ನಿನ್ನ ಬೋಲ್ಟ್ ಮೇಲೆ ಅಂದೆ, ಅದಕ್ಕೂ ಹೂಂ ಅಂದೆ. ಈಗ ನನ್ನ ಗುಂಡೂ ನಿಂದೇನಾ?”

“ನಮ್ಮಮ್ಮನ ಆಣೆ ಕಣೋ.”

“ನಿಮ್ಮಮ್ಮನ್ನ ಎಷ್ಟು ಸಲ ಆಣೆಗೆ ಇಟ್ಟಿದೀಯ, ಪಾಪ ಆ ಮುದುಕಿ ಮೇಲೆ ಕೂತು ಬೈಕೊಳ್ತಾ ಇರ್ತಾಳೆ.”

“ಉಗ್ರಪ್ಪಾ, ನಿಜ ಹೇಳ್ತಾ ಇದೀನಿ...”

“ಸಾಕು ಭೈರೇಶ.” ಈಗ ನಗು ಇರಲಿಲ್ಲ. “ಬೇರೆ ಏನು ಬೇಕಾದ್ರೂ ನಿಂದು ಅನ್ನು. ಇದು ಬೇಡ. ಇದು ನಂದು.”

ಪಂಚ್ ನನ್ನ ಸ್ಕೂಟರಿನ ಡಿಕ್ಕಿಯಲ್ಲಿತ್ತು. ತಂದು ಅವನ ಕೈಗೆ ಕೊಟ್ಟರೆ, ಆ ತೂತಿನಲ್ಲಿ ತೂರಿಸಿ ತೋರಿಸಿದರೆ, ಆ ಬೆರಳುಗಳಿಗೆ ಗೊತ್ತಾಗದೆ ಇರುವುದಿಲ್ಲ. ಎದ್ದು ಮೆಟ್ಟಿಲಿಳಿಯುತ್ತಿದ್ದೆ. ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದ ಮುನಿಲಕ್ಷ್ಮಮ್ಮ ಹಿಂದೆ ಬಂದರು. ಒಗೆದ ಬಟ್ಟೆಯ ಬಕೆಟ್ ಕೈಯಲ್ಲೇ ಇತ್ತು.

“ಭೈರೇಶಣ್ಣ, ಎಷ್ಟು ಹಾಳೆ?”

“ಮೂವತ್ತು ಅತ್ತಿಗೆ.”

ಅವರು ಬಕೆಟ್ ಕೆಳಗಿಟ್ಟರು.

“ಸ್ಪಂದನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ ಅಂದ ದಿನ ನೀವು ನೊಣದ ಕಥೆ ಹೇಳಿದ್ರಿ. ನಾನೂ ನಕ್ಕೆ.”

ನಾನು ಇನ್ನೊಂದು ಮೆಟ್ಟಿಲು ಇಳಿದೆ.

“ಈಗ ಏನು ತರೋಕೆ ಹೋಗ್ತಾ ಇದೀರೋ, ತರ್ಬೇಡಿ. ಅವರಿಗೆ ಇನ್ನೇನೂ ಉಳಿದಿಲ್ಲ. ಮಗಳಿಗೂ ಹೇಳ್ಬೇಡಿ, ಅವಳು ಅಪಾಯಿಂಟ್‌ಮೆಂಟ್ ತೆಗೆದುಹಾಕಿದ ತನ್ನ ಬೆರಳನ್ನೇ ಬೈಕೊಂಡು ಸಾಯ್ತಾಳೆ.” ಬಕೆಟ್ ಮತ್ತೆ ಎತ್ತಿಕೊಂಡರು. “ಭಾನುವಾರ ಬನ್ನಿ. ನೀವು ಬರ್ದೇ ಹೋದ್ರೆ ಅವರಿಗೆ ಗೊತ್ತಾಗುತ್ತೆ. ಆದ್ರೆ ನನ್ನ ಕೈ ಕಾಫಿ ನಿಮಗೆ ಇನ್ನಿಲ್ಲ.”

ಪ್ರತಿ ಭಾನುವಾರ ಹೋಗುತ್ತೇನೆ. ಉಗ್ರಪ್ಪ ನನ್ನ ಸ್ಕೂಟರಿನ ಸದ್ದಿಗೇ ಬಾಗಿಲ ಕಡೆ ಮುಖ ಮಾಡುತ್ತಾನೆ. “ಬಂದ ನೋಡು ಸುಳ್ಳ. ಇವನಿಗೂ ಒಂದು ಲೋಟ ಕಾಫಿ ಕೊಡೇ,” ಅಂತ ಒಳಗೆ ಕೂಗುತ್ತಾನೆ. ಮುನಿಲಕ್ಷ್ಮಮ್ಮ ಎರಡು ಲೋಟ ತರುತ್ತಾರೆ. ತುಂಬಿದ್ದನ್ನು ಅವನ ಕೈಗೆ ಹಿಡಿಸುತ್ತಾರೆ. ಖಾಲಿಯದನ್ನು ನನ್ನ ಮುಂದೆ ಟೀಪಾಯಿಯ ಮೇಲೆ, ಅವನಿಗೆ ಕೇಳಿಸುವಷ್ಟು ಸದ್ದು ಮಾಡಿ ಇಡುತ್ತಾರೆ.

ನಾನು ಎತ್ತಿ ಸೊರ್ರೆಂದು ಗಾಳಿ ಹೀರುತ್ತೇನೆ.

“ಹೇಗಿದ್ಯೋ?”

“ಚಿಕ್ಕಮಗಳೂರಿನ ತೋಟದೋರೆಲ್ಲ ಲಾರಿ ಮಾಡ್ಕೊಂಡು ಬಂದು ಅತ್ತಿಗೆ ಕಾಲಿಗೆ ಬೀಳ್ಬೇಕು ಕಣೋ, ಹಂಗಿದೆ.”

ಅವನು ಖುಷಿಯಿಂದ ತಲೆಯಾಡಿಸುತ್ತಾನೆ. ಮುನಿಲಕ್ಷ್ಮಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ನಾನು ಲೋಟ ಕೆಳಗಿಡುವವರೆಗೂ ನೋಡುತ್ತಾರೆ. ಆಮೇಲೆ ಬಂದು ಎರಡನ್ನೂ ಒಳಗೆ ತೆಗೆದುಕೊಂಡು ಹೋಗುತ್ತಾರೆ. ನಲ್ಲಿ ಬಿಟ್ಟು ಎರಡೂ ಲೋಟ ತೊಳೆಯುವ ಸದ್ದು ಕೇಳಿಸುತ್ತದೆ.