ಅನ್ನ ಉಳಿದದ್ದು ಯಾಕೆಂದು ಯಾರೂ ಕೇಳಲಿಲ್ಲ

ಅಪ್ಪನ ಸನ್ಮಾನ ಸಭೆ ಮುಗಿಸಿ ಬೆಳ್ಳಾರೆಯಿಂದ ಮನೆಗೆ ಬಂದಾಗ ಕುಮುದಿನಿಯ ಮೈಯೆಲ್ಲ ಸಿಟ್ಟಿನಿಂದ ಉರಿಯುತ್ತಿತ್ತು. ಅವಳ ಅಪ್ಪ ಅಚ್ಚುತ ಗೌಡರಿಗೆ ಎಪ್ಪತ್ತೈದು ದಾಟಿದೆ. ಎಪ್ಪತ್ತೊಂದರ ಯುದ್ಧದಲ್ಲಿ ನೌಕಾಪಡೆಯಲ್ಲಿದ್ದವರು. ಸಭೆಯವರು ಅವರನ್ನು "ಹಿಮದಲ್ಲಿ ಗಡಿ ಕಾಯ್ದ ವೀರ" ಎಂದು ಹೊಗಳಿದರು. ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು, ಫೋಟೋ ತೆಗೆದರು. ಅಪ್ಪ "ನಾನು ಹಡಗಿನಲ್ಲಿ..." ಎಂದು ಬಾಯಿ ತೆರೆಯುವಷ್ಟರಲ್ಲಿ ಊಟಕ್ಕೆ ಹೊತ್ತಾಯಿತೆಂದು ಮೈಕ್ ಕಿತ್ತುಕೊಂಡರು. ಅತಿಥಿಗಳು ಒಂದು ಗಂಟೆ ಕೊರೆಯುವಾಗ ಯಾರಿಗೂ ಹಸಿವಾಗಿರಲಿಲ್ಲ!

ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಬರುವ ಗುರುವಾರ ಮಂಗಳೂರಿನಲ್ಲಿ ಅಪ್ಪನ ಗಂಟಲಿನ ಆಪರೇಷನ್. ಜೀವಕ್ಕೆ ಅಪಾಯವಿಲ್ಲ, ಆದರೆ ಸ್ವರ ಉಳಿಯುವುದು ಸಂಶಯ ಎಂದು ಡಾಕ್ಟರು ಹೇಳಿದ್ದರು.

ಮರುದಿನವೇ ಕುಮುದಿನಿ ರಿಝ್ವಾನಾಳನ್ನು ಕರೆಸಿದಳು. ರಿಝ್ವಾನಾ ಮದುವೆ ವಿಡಿಯೋ ಮಾಡುವವಳು. ಬಿಡುವಿದ್ದಾಗ ಪುತ್ತೂರು, ಸುಳ್ಯ, ಕಡಬದ ಕಡೆಯ ಹಳೆಯ ನೌಕಾಪಡೆಯವರ ನೆನಪುಗಳನ್ನು ಸೇರಿಸಿ ಸಾಕ್ಷ್ಯಚಿತ್ರ ಮಾಡುತ್ತಿದ್ದಳು.

ತಮ್ಮ ಹರ್ಷಿತನಿಗೆ ಇದು ಹಿಡಿಸಲಿಲ್ಲ. "ಅಕ್ಕ, ನಿಂಗೆ ಬೇರೆ ಕೆಲ್ಸ ಇಲ್ವಾ? ಸನ್ಮಾನದ ಫೋಟೋ ಸ್ಟೇಟಸಿಗೆ ಹಾಕಿದ್ದೇನಲ್ಲ. ಸುಮ್ನೆ ಅಪ್ಪನ ಗಂಟಲಿಗೆ ತೊಂದ್ರೆ ಕೊಡುದು ಯಾಕೆ?"

"ಡಾಕ್ಟ್ರಲ್ಲಿ ಕೇಳಿದ್ದೇನೆ. ನಿಧಾನ ಮಾತಾಡಿದ್ರೆ ತೊಂದ್ರೆ ಇಲ್ವಂತೆ," ಎಂದಳು ಕುಮುದಿನಿ.

ರಿಝ್ವಾನಾ ಕೇಳಿದಳು: "ಹರ್ಷಿತಣ್ಣ, ಅಜ್ಜ ಹಡಗಿನಲ್ಲಿ ಎಂತ ಕೆಲ್ಸ ಮಾಡ್ತಿದ್ದದ್ದು?"

ಹರ್ಷಿತ ಅಕ್ಕನ ಮುಖ ನೋಡಿದ. ಅಕ್ಕನಿಗೂ ಗೊತ್ತಿರಲಿಲ್ಲ. ಸಭೆಯವರ ಮೇಲಿದ್ದ ಕುಮುದಿನಿಯ ಸಿಟ್ಟು ಈಗ ಅವಳ ಮೇಲೇ ತಿರುಗಿತು. ನಲವತ್ತು ವರ್ಷ ಅಪ್ಪಾ ಎಂದು ಕರೆದವಳು ಒಂದು ದಿನವಾದರೂ ಕೇಳಿದ್ದಳೇ?

ಮೂಲೆಯಲ್ಲಿ ಕೂತಿದ್ದ ಅಚ್ಚುತ ಗೌಡರು ಗೊರಗೊರ ಸ್ವರದಲ್ಲಿ ಹೇಳಿದರು: "ನನ್ನದು ಬೇಡ ಮಗಾ. ನಾನು ಅಡಿಗೆಯವ. ಹೇಳಿದ್ರೆ ನೆಗಾಡ್ತಾರೆ ಅಂತ ಹೇಳ್ಲಿಲ್ಲ. ಯುದ್ಧದ ಕಥೆ ಬೇಕಾದ್ರೆ ಗುಂಡು ಹೊಡೆದವರಲ್ಲಿ ಕೇಳಿ."

"ಎಲ್ಲರಲ್ಲೂ ಕೇಳ್ತೇನೆ ಅಜ್ಜ," ಎಂದಳು ರಿಝ್ವಾನಾ. "ಮರ್ಕಂಜದಲ್ಲಿ ಒಬ್ರಿದ್ರು, ಹಡಗಿನ ಎಂಜಿನ್ ರೂಮಿನವ್ರು. ಮಳೆ ಬಿಡ್ಲಿ ಅಂತ ನಾನೇ ತಡ ಮಾಡಿದೆ. ಹೋಗುವಾಗ ಅಲ್ಲಿ ಉತ್ತರಕ್ರಿಯೆಯ ಊಟ ಬಡಿಸ್ತಿದ್ರು. ನಂಗೆ ನನ್ನ ಮೇಲೇ ಸಿಟ್ಟು. ನೀವು ಮಾತಾಡಿ. ಸಾಕು ಅಂದಲ್ಲಿಗೆ ನಿಲ್ಲಿಸ್ತೇನೆ."

ಗೌಡರು ಆಗಲಿ ಎಂದು ತಲೆಯಾಡಿಸಿದರು. ರಿಝ್ವಾನಾ ಫ್ಯಾನು ನಿಲ್ಲಿಸಿದಳು. "ಇಲ್ದಿದ್ರೆ ಸ್ವರ ಸರಿ ಕೇಳುದಿಲ್ಲ. ಕಿಟಕಿ ಕಡೆ ಮುಖ ಮಾಡಿ ಕೂತ್ಕೊಳ್ಳಿ ಅಜ್ಜ. ಹರ್ಷಿತಣ್ಣ, ಮೊಬೈಲ್ ಅಡ್ಡ ಹಿಡೀರಿ. ಮಧ್ಯೆ ಯಾರೂ ಬಾಯಿ ಹಾಕ್ಬೇಡಿ."

ಅವಳು ಯುದ್ಧದ ಸುದ್ದಿ ಎತ್ತಲೇ ಇಲ್ಲ. "ಅಜ್ಜ, ಒಂದು ಹೊತ್ತಿಗೆ ಎಷ್ಟು ಜನಕ್ಕೆ ಅಕ್ಕಿ ಹಾಕ್ತಿದ್ರಿ?" ಎಂದಳು.

"ತೊಂಬತ್ತು ಜನಕ್ಕೆ," ಎಂದರು ಗೌಡರು. "ಅಳತೆ ತಪ್ಪುದೇ ಇಲ್ಲ. ಒಂದು ಮಧ್ಯಾಹ್ನ ಹಡಗಿನ ಮೇಲೆ ಬಾಂಬು ಬಿತ್ತು. ನಾನು ಪಾತ್ರೆ ತಬ್ಬಿ ಹಿಡ್ಕೊಂಡಿದ್ದೆ. ಆ ದಿನ ಅನ್ನ ಉಳಿಯಿತು. ಯಾಕೆ ಅಂತ ಯಾರೂ ಹೇಳ್ಲಿಲ್ಲ. ಅಡಿಗೆಯವನಿಗೆ ಹೇಳುದು ಬೇಡ, ಗೊತ್ತಾಗ್ತದೆ." ಅವರ ಮುಖ ಕೆಂಪಾಯಿತು. "ಐದು ಜನದ್ದು ಉಳಿದದ್ದು! ಐವತ್ತು ವರ್ಷ ಆಯ್ತು. ಹಾರ ಹಾಕ್ಲಿಕ್ಕೆ ಬರ್ತಾರೆ. ಆ ಮಕ್ಕಳ ಹೆಸ್ರು ಒಬ್ಬ ಕೇಳಿದ್ನಾ?"

"ಈಗ ಹೇಳಿ ಅಪ್ಪ," ಎಂದವನು ಹರ್ಷಿತ. ಹಿಡಿದ ಮೊಬೈಲನ್ನು ಅವನು ಇಳಿಸಲಿಲ್ಲ.

ಗೌಡರು ಐದೂ ಹೆಸರು ಹೇಳಿದರು. ಯಾರದು ಯಾವ ಊರು, ಯಾರಿಗೆ ಖಾರ ಆಗುತ್ತಿರಲಿಲ್ಲ, ಯಾರು ಎರಡನೇ ಸಲ ಸಾರು ಕೇಳುತ್ತಿದ್ದರು, ಎಲ್ಲ ಹೇಳಿದರು. ಮಾರನೇ ದಿನ ಹರ್ಷಿತನೇ ಬಾಗಿಲು ಹಾಕಿ, ಫ್ಯಾನು ನಿಲ್ಲಿಸಿ ಕಾದು ಕೂತ. ಮೂರು ದಿನ, ದಿನಕ್ಕೆ ಅರ್ಧ ಗಂಟೆಯಂತೆ ರೆಕಾರ್ಡಿಂಗ್ ಆಯಿತು. ಒಂದು ಪ್ರತಿ ಮನೆಯಲ್ಲಿ, ಒಂದು ರಿಝ್ವಾನಾಳಲ್ಲಿ ಉಳಿಯಿತು.

ಗುರುವಾರ ಆಪರೇಷನ್ ಆಯಿತು. ಅಪ್ಪ ಹುಷಾರಾಗಿ ಮನೆಗೆ ಬಂದರು. ಸ್ವರ ಬರಲಿಲ್ಲ.

ನಿಮ್ಮ ಊರಿನಲ್ಲೂ ಇಂಥವರೊಬ್ಬರು ಇರಬಹುದು. ಗುಂಡು ಹೊಡೆದವರೇ ಆಗಬೇಕಿಲ್ಲ. ಹಡಗಿನಲ್ಲಿ ಬಟ್ಟೆ ಒಗೆದವರಾದರೂ ಸರಿ. ಸನ್ಮಾನ ಆಮೇಲೆ ಮಾಡಿ. ಮೊದಲು ಅವರ ಒಪ್ಪಿಗೆ ಕೇಳಿ, ಎದುರು ಕೂತು, ಸಣ್ಣದೊಂದು ಪ್ರಶ್ನೆ ಕೇಳಿ. ಮತ್ತೆ ಬಾಯಿ ಮುಚ್ಚಿ ಕೇಳಿಸಿಕೊಳ್ಳಿ. ವಿಡಿಯೋದ ಜೊತೆ ಹೆಸರು, ಊರು, ತಾರೀಕು ಬರೆದು ಎರಡು ಕಡೆ ಇಡಿ. ಮುಂದಿನ ವಾರ ನೋಡುವ ಎನ್ನುತ್ತೀರಾ? ಮುಂದಿನ ವಾರ ಅವರ ಮನೆಗೆ ನೀವು ಯಾವ ಊಟಕ್ಕೆ ಹೋಗುತ್ತೀರೋ, ಯಾರಿಗೆ ಗೊತ್ತು? ಇವತ್ತೇ ಹೋಗಿ.