ಕುರಿಯ ಪ್ರಾಥಮಿಕ ಶಾಲೆ

ಶಾಸಕಿಯಾಗಿ ಎಂಟು ತಿಂಗಳು ಕಳೆದಿದ್ದರೂ ಊರಿನವರ ಬಾಯಲ್ಲಿ ಅವಳು ಇನ್ನೂ ಕಂಡಕ್ಟರಕ್ಕನೇ. ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವಳು. ಎಷ್ಟೇ ತುಂಬಿದ ಬಸ್ಸಿರಲಿ, ಟಿಕೆಟ್ ತಗೊಳ್ಳದೆ ಕೂತವನು ಯಾರು ಅಂತ ಮುಖ ನೋಡಿಯೇ ಹೇಳಿಬಿಡುತ್ತಿದ್ದಳು. ಕಿಟಕಿಯಾಚೆ ಏನೂ ಇಲ್ಲದಿದ್ದರೂ ಕಣ್ಣು ಕೀಳದೆ ನೋಡುತ್ತಿರುತ್ತಾನಲ್ಲ, ಅವನೇ. ಈ ವಿದ್ಯೆ ಅಧಿಕಾರಿಗಳ ಸಭೆಯಲ್ಲೂ ಕೈ ಹಿಡಿಯುತ್ತದೆ ಎಂದು ಅವಳಿಗೆ ಬಲವಾದ ನಂಬಿಕೆ.

ಆಪ್ತ ಸಹಾಯಕ ಅಂತ ಅವಳು ಇಟ್ಟುಕೊಂಡಿದ್ದು ಸ್ವಂತ ಅಣ್ಣನನ್ನೇ. ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತನಾದವನು. ಒಂದು ಚೂರು ಕಾಗದವನ್ನೂ ಕಳೆದುಹಾಕುವವನಲ್ಲ. ಜನರ ಮುಂದೆ ತಂಗಿಗೆ "ಮೇಡಂ" ಅನ್ನುತ್ತಿದ್ದ. ಜನ ಅತ್ತ ಹೋದ ಕೂಡಲೇ "ಲೇ, ಚಪ್ಪಲಿ ಹಾಕ್ಕೊಂಡು ಒಳಗೆ ಬರಬೇಡ" ಎಂದು ಗದರುತ್ತಿದ್ದ.

ಒಂದು ಸೋಮವಾರ ಬೆಳಿಗ್ಗೆ ಮನೆಯ ಮುಂದಿನ ಕೋಣೆಗೆ ಒಬ್ಬರು ಹೆಡ್ ಮೇಡಂ ಬಂದರು. ಎಪ್ಪತ್ತು ಮಕ್ಕಳಿರುವ ಚಿಕ್ಕ ಸರ್ಕಾರಿ ಶಾಲೆಯವರು. ಕೂರಿ ಅಂದರೂ ಕೂರದೆ, ಕೈಚೀಲದಿಂದ ಬ್ಯಾಂಕ್ ಪಾಸ್‌ಬುಕ್ಕೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಹೆಸರು ಓದಿ, ಅಕ್ಕ."

ಕಂಡಕ್ಟರಕ್ಕ ಕನ್ನಡಕ ಏರಿಸಿ ಓದಿದಳು. "ಸರ್ಕಾರಿ ಕುರಿಯ ಪ್ರಾಥಮಿಕ ಶಾಲೆ." ಇನ್ನೊಮ್ಮೆ ಓದಿದಳು. ಆಮೇಲೆ ತಡೆಯಲಾಗದೆ ನಕ್ಕುಬಿಟ್ಟಳು.

"ಎಲ್ಲರೂ ನಗ್ತಾರೆ," ಅಂದರು ಹೆಡ್ ಮೇಡಂ. "ನಮ್ದು ಕಿರಿಯ ಪ್ರಾಥಮಿಕ ಶಾಲೆ. ಕಿ ಅಂತ ಬರೆಯೋ ಕಡೆ ಯಾರೋ ಕು ಅಂತ ಒತ್ತಿದ್ದಾರೆ. ಶೌಚಾಲಯದ ಬಾಗಿಲಿಗೆ ಅಂತ ಸರ್ಕಾರದಿಂದ ಬಂದ ದುಡ್ಡು ಕಿರಿಯ ಶಾಲೆ ಹೆಸರಲ್ಲಿ ಬಂತು. ಬ್ಯಾಂಕಿನವರು 'ಇಲ್ಲಿರೋದು ಕುರಿಯ ಶಾಲೆ' ಅಂತ ವಾಪಸ್ ಕಳಿಸಿದ್ರು. ಎರಡು ವರ್ಷ ಆಯ್ತು."

"ಹಾಗಾದ್ರೆ ಹೆಣ್ಣುಮಕ್ಕಳು ಏನು ಮಾಡ್ತಾರೆ?"

"ತರಗತಿಯಲ್ಲಿ ತೂಗುಹಾಕಿದ್ದ ಭೂಪಟ ಇತ್ತು. ಅದನ್ನೇ ಬಾಗಿಲಿಗೆ ಕಟ್ಟಿದ್ದೀವಿ. ಗಾಳಿ ಬಂದಾಗ ಗೆಳತಿಯರು ಎರಡು ಕಡೆ ಹಿಡ್ಕೊಳ್ತಾರೆ. ಭೂಗೋಳದ ಪಾಠ ಇದ್ದ ದಿನ ಕಷ್ಟ."

ಕಂಡಕ್ಟರಕ್ಕನ ನಗು ಅಲ್ಲೇ ನಿಂತಿತು.

ಗುರುವಾರ ಸಭೆ. ಉದ್ದನೆಯ ಮೇಜು, ಚಹದ ಕಪ್ಪುಗಳು, ತಟ್ಟೆಯಲ್ಲಿ ಬಿಸ್ಕತ್ತು. ಆ ಕಡೆ ಶಿಕ್ಷಣಾಧಿಕಾರಿ, ನಾಗರಿಕ ಸೇವಾ ಕೇಂದ್ರದ ಅಧಿಕಾರಿ ಮತ್ತು ಬ್ಯಾಂಕ್ ಮ್ಯಾನೇಜರ್ ಕೂತಿದ್ದರು. ಶಿಕ್ಷಣಾಧಿಕಾರಿ ದಪ್ಪ ವರದಿ ತಂದಿದ್ದರು. ಅದರ ಪ್ರಕಾರ ಎಲ್ಲ ಶಾಲೆಗಳಲ್ಲೂ ಎಲ್ಲವೂ ಇತ್ತು.

"ಈ ಕುರಿಯ ಶಾಲೆಯ ಶೌಚಾಲಯಕ್ಕೆ ಬಾಗಿಲು ಇದೆಯಾ?" ಕಂಡಕ್ಟರಕ್ಕ ಕೇಳಿದಳು.

"ಪ್ರಕ್ರಿಯೆಯಲ್ಲಿದೆ ಮೇಡಂ."

"ಮಗು ಒಳಗೆ ಹೋದಾಗ ಪ್ರಕ್ರಿಯೆ ಅಡ್ಡ ನಿಂತ್ಕೊಳ್ಳುತ್ತಾ?"

ಶಿಕ್ಷಣಾಧಿಕಾರಿ ಗಂಟಲು ಸರಿಮಾಡಿಕೊಂಡರು. "ಹೆಸರು ಸರಿಯಾಗಿದೆ ಅಂತ ನಾವು ಬರೆದುಕೊಡ್ತೀವಿ ಮೇಡಂ, ಸೇವಾ ಕೇಂದ್ರದಿಂದ ನೋಂದಣಿ ಪತ್ರ ಬಂದ ತಕ್ಷಣ."

"ನಾವು ಇವತ್ತೇ ಕೊಡ್ತೀವಿ," ಅಂದರು ಸೇವಾ ಕೇಂದ್ರದವರು, "ಖಾತೆ ಯಾರದು ಅಂತ ಬ್ಯಾಂಕು ಬರೆದುಕೊಟ್ಟರೆ."

"ಬ್ಯಾಂಕು ಬರೆಯೋದಕ್ಕೆ ಏನು ಬೇಕು?"

ಮ್ಯಾನೇಜರ್ ಸಣ್ಣ ದನಿಯಲ್ಲಿ, "ಶಿಕ್ಷಣ ಇಲಾಖೆಯ ಪತ್ರ..." ಅಂದು ಮುಖ ತಿರುಗಿಸಿ ಕಿಟಕಿಯಾಚೆ ನೋಡತೊಡಗಿದರು. ಕಿಟಕಿಯಾಚೆ ಒಂದು ಗೋಡೆ ಬಿಟ್ಟರೆ ಏನೂ ಇರಲಿಲ್ಲ.

ಸಿಕ್ಕಿದ ಟಿಕೆಟ್ಟಿಲ್ಲದವನು, ಅಂದುಕೊಂಡಳು ಕಂಡಕ್ಟರಕ್ಕ.

"ಇದು ಸಭೆಯಲ್ಲಿ ಮುಗಿಯೋ ಮಾತಲ್ಲ. ಎದ್ದೇಳಿ. ಆ ಹೆಡ್ ಮೇಡಂ ಎರಡು ವರ್ಷ ಅಲೆದ ದಾರಿಯಲ್ಲಿ ನಾವೂ ಒಂದು ಸುತ್ತು ಹಾಕಿ ಬರೋಣ."

"ಜೀಪು ತರಿಸ್ತೀನಿ ಮೇಡಂ," ಅಂದರು ಶಿಕ್ಷಣಾಧಿಕಾರಿ.

"ಅವರಿಗೆ ಜೀಪು ಇತ್ತಾ? ಬಸ್ಸಲ್ಲಿ ಹೋಗೋಣ."

ಮಧ್ಯಾಹ್ನದ ಬಸ್ಸು ತುಂಬಿತ್ತು. ಕಂಬಿ ಹಿಡಿದು ನಿಂತ ಅಭ್ಯಾಸ ತಪ್ಪಿಹೋಗಿದ್ದ ಶಿಕ್ಷಣಾಧಿಕಾರಿ ಮೊದಲನೇ ತಿರುವಿನಲ್ಲೇ ಒಬ್ಬ ಅಜ್ಜಿಯ ಬುಟ್ಟಿಯ ಮೇಲೆ ವಾಲಿದರು. "ಕಣ್ಣು ಕಾಣಲ್ವೇನಪ್ಪಾ?" ಅಂದಳು ಅಜ್ಜಿ. ಕಂಡಕ್ಟರಕ್ಕ ಮಾತ್ರ ಎಲ್ಲೂ ಹಿಡಿಯದೆ, ಎರಡು ಕಾಲು ಅಗಲಿಸಿ, ಕಂಬದ ಹಾಗೆ ನಿಂತಿದ್ದಳು. ಎಂಟು ತಿಂಗಳ ಮೇಲೆ ಅವಳಿಗೆ ಇಷ್ಟು ಹಗುರಾಗಿ ಅನ್ನಿಸಿದ್ದು ಅವತ್ತೇ.

ಸೇವಾ ಕೇಂದ್ರದಲ್ಲಿ ಸಾಲು ಬಾಗಿಲಿನವರೆಗೆ ಬಂದಿತ್ತು. ಶಾಲೆಯ ನೋಂದಣಿ ಪತ್ರಕ್ಕೆ ಒಂದು ಅರ್ಜಿ ಬರೆಸಿ, ಅದನ್ನು ಅಲ್ಲಿನ ಅಧಿಕಾರಿಯ ಕೈಗೇ ಕೊಟ್ಟು, "ನೀವೇ ನಿಲ್ಲಿ," ಅಂದಳು. ಮುಕ್ಕಾಲು ಗಂಟೆ ನಿಂತ ಮೇಲೆ ಅವರ ಸರದಿ ಬಂತು. ಗಾಜಿನ ಹಿಂದಿದ್ದ ಗುಮಾಸ್ತೆ ತಲೆ ಎತ್ತದೆ ಅರ್ಜಿ ತಿರುವಿಹಾಕಿದಳು.

"ಇದಕ್ಕೆ ಸಾಹೇಬ್ರ ಸಹಿ ಬೇಕು. ಸಾಹೇಬ್ರು ಮೀಟಿಂಗಲ್ಲಿದ್ದಾರೆ. ನಾಳೆ ಬನ್ನಿ."

"ನಾನೇ ಕಣಮ್ಮ ಸಾಹೇಬ!"

"ಎಲ್ಲರೂ ಹಂಗೇ ಅಂತಾರೆ. ಮುಂದಿನವರು ಬನ್ನಿ."

ಹಿಂದಿದ್ದ ಸಾಲು ಘೊಳ್ಳೆಂದು ನಕ್ಕಿತು. ಗುಮಾಸ್ತೆ ಆಗ ತಲೆ ಎತ್ತಿ ನೋಡಿ, ಎದ್ದು ನಿಲ್ಲುವ ಗಡಿಬಿಡಿಯಲ್ಲಿ ಸೀಲಿನ ಪ್ಯಾಡನ್ನು ತನ್ನ ಬಟ್ಟೆಯ ಮೇಲೇ ಬೀಳಿಸಿಕೊಂಡಳು. ಅಧಿಕಾರಿಗೆ ಸಿಟ್ಟು ಬರುವ ಬದಲು ಮುಖ ಸಪ್ಪಗಾಯಿತು. "ಹೀಗೆ ಹೇಳು ಅಂತ ನಾನೇ ಹೇಳಿಕೊಟ್ಟಿದ್ದು," ಎಂದು ಮೆಲ್ಲಗೆ ಒಪ್ಪಿಕೊಂಡರು. ಬಿಡುವು ಸಿಗಲಿ ಅಂತ ಹಾಗೆ ಹೇಳಿಸಿದ್ದರಂತೆ.

ಅಲ್ಲಿಂದ ಬ್ಯಾಂಕಿಗೆ. ಕಂಡಕ್ಟರಕ್ಕನಿಗೆ ಈಗ ಹುರುಪು ಏರಿತ್ತು. ಕೌಂಟರಿನ ಮುಂದೆ ಜನ ಕೇಳುವ ಹಾಗೆಯೇ ಮ್ಯಾನೇಜರನ್ನು ತರಾಟೆಗೆ ತಗೊಂಡಳು.

"ಸಭೆಯಲ್ಲಿ ಕಿಟಕಿ ನೋಡ್ತಾ ಕೂತಿದ್ರಿ. ಏನೋ ಮುಚ್ಚಿಡ್ತಿದ್ದೀರಿ. ಎರಡು ವರ್ಷದಲ್ಲಿ ಒಂದು ದಾರಿ ಹುಡುಕೋಕೆ ಆಗಲಿಲ್ವಾ ನಿಮಗೆ?"

ಮ್ಯಾನೇಜರ್ ಆಚೀಚೆ ನೋಡಿದರು. "ಮೇಡಂ, ಒಳಗೆ ಬನ್ನಿ, ಹೇಳ್ತೀನಿ."

"ಇಲ್ಲೇ ಹೇಳಿ. ಜನರಿಂದ ಮುಚ್ಚಿಡೋದೇನಿದೆ?"

"ದಾರಿ ಇತ್ತು ಮೇಡಂ. ಸರ್ಕಾರಿ ಸಂಸ್ಥೆ ಆದರೆ ಆ ಕ್ಷೇತ್ರದ ಶಾಸಕರು ಒಂದು ಸಹಿ ಹಾಕಿದ್ರೂ ಸಾಕು ಅಂತ ನಮ್ಮ ನಿಯಮ ಇದೆ. ಪತ್ರ ನಾವೇ ಸಿದ್ಧ ಮಾಡಿ, ನಿಮ್ಮ ಸಹಿಗೆ ಅಂತ ನಿಮ್ಮ ಕಚೇರಿಗೆ ಕಳಿಸಿದ್ವಿ. ನಾಲ್ಕು ತಿಂಗಳಾಯ್ತು. ಮೂರು ಸಲ ಫೋನೂ ಮಾಡಿದ್ವಿ. 'ಭದ್ರವಾಗಿದೆ' ಅಂದ್ರು." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಸಭೆಯಲ್ಲಿ ಎಲ್ಲರ ಮುಂದೆ ಹೇಗೆ ಹೇಳೋದು ಅಂತ ಸುಮ್ಮನಿದ್ದೆ."

ಸಾಲಿನಲ್ಲಿದ್ದವರೆಲ್ಲ ಈಗ ಕಂಡಕ್ಟರಕ್ಕನನ್ನೇ ನೋಡುತ್ತಿದ್ದರು. ಅವಳಿಗೆ ಕಿವಿಯವರೆಗೆ ಬಿಸಿಯೇರಿತು. ಉಳಿದ ಇಬ್ಬರು ಅಧಿಕಾರಿಗಳು ನಗು ಬಾರದಂತೆ ತುಟಿ ಬಿಗಿಹಿಡಿದು ಚಾವಣಿ ನೋಡಿದರು. ಅವಳು ಫೋನ್ ತೆಗೆದಳು.

"ಅಣ್ಣಾ, ಬ್ಯಾಂಕಿನಿಂದ ಶಾಲೆ ವಿಷಯಕ್ಕೆ ಒಂದು ಪತ್ರ ಬಂದಿತ್ತಾ?"

"ಬಂದಿತ್ತು ಮೇಡಂ. ಬಹಳ ಮುಖ್ಯವಾದದ್ದು. ಅದಕ್ಕೇ ಬೇರೆ ಕಾಗದದ ಜೊತೆ ಬೆರೆಸದೆ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೀನಿ."

"ನಂಗೆ ಯಾಕೆ ತೋರಿಸಲಿಲ್ಲ?"

"ನೀವು ಕೇಳಲೇ ಇಲ್ವಲ್ಲ!"

"ಅದನ್ನ ಈಗಲೇ ಬ್ಯಾಂಕಿಗೆ ತಗೊಂಡು ಬಾ," ಅಂದು ಅವಳು ಫೋನ್ ಇಟ್ಟಳು. ಅಣ್ಣನನ್ನು ಬೈಯಬಹುದಿತ್ತು. ಆದರೆ ಬೀರುವಿನಲ್ಲಿ ಏನಿದೆ ಅಂತ ಎಂಟು ತಿಂಗಳಲ್ಲಿ ಒಂದು ದಿನವೂ ಬಾಗಿಲು ತೆಗೆದು ನೋಡದವಳು ಅವಳೇ. ಊರವರ ಚೀಲವನ್ನೆಲ್ಲ ತಡಕಿ, ತನ್ನ ಜೇಬನ್ನೇ ಮುಟ್ಟಿ ನೋಡದ ಹಾಗಾಯಿತು.

"ತಪ್ಪು ನಂದು," ಅಂದಳು ಮ್ಯಾನೇಜರಿಗೆ. ಅಷ್ಟು ಮೆತ್ತಗೆ ಅಂದದ್ದು ಸಾಲದೆನಿಸಿ, ಸಾಲಿನ ಕಡೆ ತಿರುಗಿ, ಬಸ್ಸಿನ ಹಿಂಬಾಗಿಲಿಗೆ ಕೇಳುವ ದನಿಯಲ್ಲಿ ಇನ್ನೊಮ್ಮೆ ಅಂದಳು: "ತಪ್ಪು ನಂದೇ ಕಣ್ರಪ್ಪಾ! ಇವರದ್ದಲ್ಲ!"

"ಪರವಾಗಿಲ್ಲ ಬಿಡಕ್ಕ," ಅಂದ ಸಾಲಿನಲ್ಲಿದ್ದ ಒಬ್ಬ ದರ್ಜಿ, "ನಮ್ ಸಾಲು ಸ್ವಲ್ಪ ಮುಂದೆ ಹೋಗಲಿ."

ಅರ್ಧ ಗಂಟೆಯಲ್ಲಿ ಅಣ್ಣ ಏದುಸಿರು ಬಿಡುತ್ತ ಬಂದ. ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ, ಅದನ್ನು ಬಟ್ಟೆಯ ಚೀಲದಲ್ಲಿ, ಅದನ್ನೂ ಎದೆಗವಚಿಕೊಂಡು ತಂದಿದ್ದ. ಒಂದು ಸುಕ್ಕೂ ಇರಲಿಲ್ಲ. ತಂಗಿಯ ಮುಖ ನೋಡಿ ಅವನಿಗೆ ಎಲ್ಲ ಅರ್ಥವಾಯಿತು. "ಮೇಡಂ..." ಎಂದು ಶುರುಮಾಡಿದವನು ದನಿ ಇಳಿಸಿ, "ಲೇ, ನಾನು ಹಾಳುಮಾಡಿದ್ನೇನೇ?" ಅಂದ.

"ಇಬ್ಬರೂ ಸೇರಿ ಮಾಡಿದ್ದು. ಪೆನ್ ಕೊಡು."

ಕೌಂಟರಿನ ಮೇಲೇ ಪತ್ರವಿಟ್ಟು ಸಹಿ ಹಾಕಿದಳು. ಮ್ಯಾನೇಜರ್ ತಾವೇ ಕಂಪ್ಯೂಟರಿನ ಮುಂದೆ ಕೂತು ಒಂದು ಅಕ್ಷರ ಅಳಿಸಿ ಇನ್ನೊಂದು ಒತ್ತಿದರು. ಬ್ಯಾಂಕಿನ ಬಾಗಿಲು ಹಾಕುವ ಹೊತ್ತಿಗೆ ಹೊಸ ಪಾಸ್‌ಬುಕ್ಕು ಬಂತು. ಸುದ್ದಿ ತಿಳಿದು ಅಷ್ಟರಲ್ಲಿ ಓಡಿಬಂದಿದ್ದ ಹೆಡ್ ಮೇಡಂ ಅದನ್ನು ಓದಿ, ಪಕ್ಕದವರಿಂದ ಓದಿಸಿ, ಕಾವಲುಗಾರನಿಂದಲೂ ಒಮ್ಮೆ ಓದಿಸಿದ ಮೇಲೆಯೇ ಚೀಲಕ್ಕೆ ಹಾಕಿದರು.

ವಾಪಸ್ ಹೋಗಿದ್ದ ದುಡ್ಡು ಮತ್ತೆ ಬರಲು ಏಳು ವಾರ ಹಿಡಿಯಿತು. ಈ ಸಲ ಶಿಕ್ಷಣಾಧಿಕಾರಿ ಯಾರೂ ಹೇಳದೆಯೇ ಎರಡು ಸಲ ಬಸ್ಸು ಹತ್ತಿ ಶಾಲೆಗೆ ಹೋಗಿ, ಬಾಗಿಲಿನ ಅಳತೆಯನ್ನು ಬಡಗಿಯ ಜೊತೆ ನಿಂತು ತೆಗೆಸಿದರು. ಕಂಡಕ್ಟರಕ್ಕನ ಕಚೇರಿಯಲ್ಲಿ ಬೀರು ಹೋಗಿ ಬಾಗಿಲಿಲ್ಲದ ಕಪಾಟು ಬಂತು. ಅಣ್ಣ ಅದನ್ನು ನೋಡಿದಾಗಲೆಲ್ಲ ಬೀಗದ ಕೈಗಾಗಿ ಜೇಬು ತಡಕುತ್ತಿದ್ದ. ಆದರೂ ದಿನಾ ಬೆಳಿಗ್ಗೆ ಬಂದ ಕಾಗದವನ್ನೆಲ್ಲ ತಂಗಿಯ ತಿಂಡಿ ತಟ್ಟೆಯ ಪಕ್ಕ ಪೇರಿಸಿ, "ಇವನ್ನ ಓದಿದ ಮೇಲೇ ಎರಡನೇ ಸಲ ಬಡಿಸೋದು" ಅನ್ನುತ್ತಿದ್ದ.

ಬಾಗಿಲು ಕೂರಿಸಿದ ದಿನ ಹೆಡ್ ಮೇಡಂ ಕರೆದರು. ಟೇಪು ಕತ್ತರಿಸುವುದೆಲ್ಲ ಬೇಡ ಅಂತ ಕಂಡಕ್ಟರಕ್ಕ ಮೊದಲೇ ಹೇಳಿದ್ದಳು. ಮೂವರು ಅಧಿಕಾರಿಗಳೂ ಬಂದಿದ್ದರು. ಹಸಿರು ಬಣ್ಣದ ನಾಲ್ಕು ಹೊಸ ಬಾಗಿಲು, ಒಳಗಡೆ ಹೊಳೆಯುವ ಅಗುಳಿ. ಅಗುಳಿ ಗಟ್ಟಿಯಾಗಿದೆಯಾ ಅಂತ ನೋಡೋಣವೆಂದು ಅವಳು ಮೊದಲನೆಯ ಬಾಗಿಲನ್ನು ತಳ್ಳಿದಳು. ಅದು ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ತಳ್ಳಿದಳು.

"ಯಾರದು?" ಒಳಗಿನಿಂದ ಒಂದು ಪುಟ್ಟ ಹುಡುಗಿಯ ಸಿಟ್ಟಿನ ದನಿ ಬಂತು. "ಒಳಗೆ ಜನ ಇದ್ದಾರೆ!"

ಶಾಸಕಿ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದಳು. ಹಿಂದಿದ್ದ ಅಧಿಕಾರಿಗಳೂ ಸರಿದರು. "ತಪ್ಪಾಯ್ತಮ್ಮ, ನಿಧಾನಕ್ಕೆ ಬಾ," ಎಂದು ಕೂಗಿ, ಅವಳು ನಗುತ್ತ ಆ ಮೂವರನ್ನೂ ಕರೆದುಕೊಂಡು ಅಂಗಳದ ಆ ತುದಿಗೆ ಹೋಗಿ ನಿಂತಳು.