ಅಂಗಿಯ ತೋಳು

ಮೊದಲ ಕೀಮೋಗೆ ಸಡಿಲ ತೋಳಿನ ಅಂಗಿ ಹಾಕಿಕೊಂಡು ಬನ್ನಿ, ಸೂಜಿ ಎಡಗೈಗೆ ಎಂದು ನರ್ಸ್ ಹೇಳಿದ್ದಳು. ಟೈಲರ್ ಆದ ನನಗೆ ಅದೇನು ದೊಡ್ಡ ಕೆಲಸ? ಗಿರಾಕಿಗಳ ಬಟ್ಟೆಯೆಲ್ಲ ಮುಗಿಸಿ, ನನ್ನ ಅಂಗಿಯ ಒಂದು ತೋಳನ್ನು ಮೊಣಕೈವರೆಗೆ ಬಿಚ್ಚಿ ಪ್ರೆಸ್ ಬಟನ್ ಹಚ್ಚಿದೆ. ಮಗಳು ಹೆದರಬಾರದು, ನನಗೆ ಬೇಕಾಗಿದ್ದುದು ಅಷ್ಟೇ. ಅವಳು ಕೇಳಿದಾಗಲೆಲ್ಲ "ಏನಿಲ್ಲ ಕಣೆ, ಡ್ರಿಪ್ ಹಾಕಿದ ಹಾಗೆ" ಎನ್ನುತ್ತಿದ್ದೆ.

ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತು ಠೀವಿಯಿಂದ ಬಟನ್ ಬಿಚ್ಚಿದೆ. ತೆರೆದುಕೊಂಡದ್ದು ಬಲಗೈ.

"ಅಮ್ಮಾ, ಎದುರಿಗೆ ನಿಂತ ಗಿರಾಕಿಗೆ ಹೊಲಿದ ಹಾಗೆ ಹೊಲಿದಿದ್ದೀಯಲ್ಲ!" ಮಗಳು ನಕ್ಕಳು.

ನಿಜ. ಅಳತೆಗೆ ನಿಂತವರ ಎಡ ಯಾವಾಗಲೂ ನನ್ನ ಬಲಕ್ಕೇ ಇರುತ್ತದೆ. ಕಾಯಿಲೆಯವಳು ನಾನಲ್ಲ, ಎದುರಿಗೆ ನಿಂತ ಇನ್ಯಾರೋ ಎಂದೇ ನನ್ನ ಕೈ ತಿಳಿದಿತ್ತು.

"ಅಂಗಿಯ ಎಡ ತೋಳು ಕತ್ತರಿಸಿಬಿಡ್ಲಾ?" ನರ್ಸ್ ಕತ್ತರಿ ಎತ್ತಿದಳು.

"ಹೊಲಿಗೆ ಮೇಲೇ ಕತ್ತರಿಸಮ್ಮ, ಬಟ್ಟೆ ಹಾಳಾಗಲ್ಲ" ಎಂದೆ.

ಸೂಜಿ ಚುಚ್ಚಿದ್ದಾಯಿತು, ಔಷಧಿ ಇಳಿಯತೊಡಗಿತು. ನೋವಿಲ್ಲ, ಅಳುವಿಲ್ಲ, ಹಿಂಡಿಟ್ಟ ಬಟ್ಟೆಯಂತೆ ಕುಳಿತಿದ್ದೆ. ಮಗಳ ನಗು ಯಾವಾಗ ನಿಂತಿತೋ.

"ಹೆದರಿಕೆ ಆಗ್ತಿದೆಯಾ ಅಮ್ಮ?"

"ಗೊತ್ತಾಗ್ತಿಲ್ಲ ಕಣೆ" ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವಳು ತನ್ನ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.